ಬಾದಾಮಿ ಸುತ್ತ ಸುಲಭದ ನಡಿಗೆ, ಹಳೇ ಕಲ್ಲುಗಣಿ: ಎರಡು ದಿನದಲ್ಲಿ ಯಾವುದು, ಯಾವ ಹೊತ್ತಿಗೆ?

ಮಲಪ್ರಭಾ_ದಂಡೆ:

ನಮಸ್ಕಾರ್ರಿ ಎಲ್ಲರಿಗೂ. ಡಿಸೆಂಬರ್ ಮೊದಲ ವಾರ ಬೆಳಗಾವಿಯಿಂದ ಕಾರಿನಲ್ಲಿ ಬಾದಾಮಿಗೆ ಬರುವುದಿದೆ, ಎರಡು ದಿನ. ಜತೆಗೆ ಅವ್ವ ಇರುತ್ತಾರೆ: ವಯಸ್ಸು 66, ಮೊಣಕಾಲು ನೋವು, ಸಪಾಟು ಹಾದಿಯಲ್ಲಿ ಒಂದು ಕಿ.ಮೀ. ಆರಾಮ ನಡೆಯುತ್ತಾರೆ, ಐವತ್ತು ಮೆಟ್ಟಿಲು ದಾಟಿದರೆ ಆಗುವುದಿಲ್ಲ. ಮಕ್ಕಳು ಇಬ್ಬರು, 9 ಮತ್ತು 12 ವರ್ಷ.

ಗುಡಿಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದು ಬೇಡ. ಅವ್ವನೂ ಬರಬಹುದಾದ ನಡಿಗೆ ಯಾವುದು? ಮಕ್ಕಳಿಗೆ ಗುಡ್ಡ ಹತ್ತಿದ ಖುಷಿ ಸಿಗಬೇಕು, ನಮಗೆ ಎದೆ ಹೊಡೆದುಕೊಳ್ಳಬಾರದು, ಅಂಥದ್ದು ಯಾವುದು? ಚಾಲುಕ್ಯರ ಕಾಲದಲ್ಲಿ ಕಲ್ಲು ಕಡಿದ ಗುರುತು ಎಲ್ಲಿ ನೋಡಲು ಸಿಗುತ್ತದೆ? ಇನ್ನೊಂದು, ಇಳಕಲ್ ಕಡೆ ಬಿಟ್ಟುಹೋದ ಕ್ವಾರಿಗಳಲ್ಲಿ ಹಸಿರು ನೀರು ನಿಂತಿರುವ ಫೋಟೋ ನೋಡಿ ಮಕ್ಕಳು ಈಜಬೇಕು ಅಂತ ಹಟ ಹಿಡಿದಿದ್ದಾರೆ. ಇಳಿಯಬಹುದೇ?

ಗುಳೇದಗುಡ್ಡದಾಂವ:

ಬಾದಾಮಿಯೊಳಗ ದೂರ ನೋಡಿ ಪ್ಲ್ಯಾನ್ ಹಾಕಬ್ಯಾಡ್ರಿ, ಬಿಸಲ ನೋಡಿ ಹಾಕ್ರಿ. ಡಿಸೆಂಬರ್ ಇದ್ರೂ ಕೆಂಪ ಬಂಡಿಗಲ್ಲು ಹತ್ತೂವರಿ ಅನ್ನೂದ್ರಾಗ ಕಾಯಾಕ ಹತ್ತತೈತಿ, ಒಮ್ಮೆ ಕಾಯ್ತಂದ್ರ ಸಂಜಿ ತನಕ ಝಳ ಬಿಡೂದಿಲ್ಲ. ಹತ್ತೂದೆಲ್ಲಾ ಮುಂಜಾನೆ, ಸಪಾಟ ಹಾದಿ ಸಂಜಿಗೆ, ನಡುವ ನೆರಳು ಮತ್ತ ಊಟ.

ಮೊದಲನೇ ದಿನ ಏಳಕ್ಕ ಮಕ್ಕಳನ್ನ ಕರಕೊಂಡು ಉತ್ತರದ ಕೋಟಿ ಹತ್ರಿ. ಮ್ಯೂಸಿಯಂ ಬಾಜೂಕ ಹಾದಿ ಶುರು ಆಗ್ತೈತಿ. ಎರಡೂ ಕಡೆ ಗ್ವಾಡಿಯಂಗ ನಿಂತ ಬಂಡಿ ನಡುವಿನ ಸಂದಿಯೊಳಗ ಪಾವಟಿಗಿ ಅದಾವ, ಮಕ್ಕಳಿಗೆ ಅದ ದೊಡ್ಡ ಮಜಾ. ಮ್ಯಾಲ ಕೆಳಗಿನ ಶಿವಾಲಯ, ಮ್ಯಾಲಿನ ಶಿವಾಲಯ, ಕಣಜ ನೋಡಿ ಒಂಬತ್ತೂವರಿಗೆ ಇಳದುಬಿಡ್ರಿ. ಪಾವಟಿಗಿ ಒಂದ್ ಅಳತಿಯಾಗ ಇಲ್ಲ, ಕೆಲವು ಮೊಣಕಾಲ ಎತ್ತರ ಅದಾವ. ಅವ್ವಾರಿಗೆ ಇದು ಬ್ಯಾಡ. ಮಂದಿ ಬೀಳೂದು ಹತ್ತೂವಾಗ ಅಲ್ಲ, ಇಳಿಯೂವಾಗ: ಬಂಡಿ ಸವದು ಉದುರಿದ ಮರಳು ಕಲ್ಲಿನ ಮ್ಯಾಲ ತೆಳ್ಳಗ ಹರಡಿರತೈತಿ, ಚಪ್ಪಲ್ ಹಾಕಿದ್ರ ಸರ್ರ ಅಂತ ಕಾಲ ಜಾರತೈತಿ. ಗೀರಿದ್ದ ರಬ್ಬರ್ ಸೋಲಿನ ಬೂಟ ಇರ್ಲಿ, ಕಾಲ ಅಡ್ಡ ಇಟ್ಟು ಇಳೀರಿ. ಅಂಚಿಗೆ ಎಲ್ಲಾ ಕಡೆ ಕಟಾಂಜನ ಇಲ್ಲ, ಸಣ್ಣಾಂವನ ಕೈ ಬಿಡಬ್ಯಾಡ್ರಿ. ಶುಕ್ರವಾರ ಮ್ಯೂಸಿಯಂ ಬಂದ್ ಇರತೈತಿ.

ಆಮ್ಯಾಗ ಗುಹೆ. ಅವ್ವಾರು ಮೊದಲನೇ ಗುಹೆ ತನಕ ಬರಬಹುದು, ಪಾವಟಿಗಿ 40ರ ಆಸುಪಾಸು, ಹದಿನೆಂಟು ಕೈಯಿನ ನಟರಾಜ ಅಲ್ಲೇ ಅದಾನ. ಅಲ್ಲಿಂದ ಎರಡನೇದಕ್ಕ 64, ಮೂರನೇದಕ್ಕ ಮತ್ತ 60ರಷ್ಟು, ಅದು ಮಕ್ಕಳ ಪಾಲಿಗೆ. ಮೂರನೇ ಗುಹೆಯೊಳಗ 578ರ ಶಾಸನ ಐತಿ. ಮಂಗ್ಯಾಗೋಳ ಬಗ್ಗೆ: ಪ್ಲಾಸ್ಟಿಕ್ ಚೀಲದ ಸಪ್ಪಳಕ್ಕ ಬರ್ತಾವ, ಒಳಗ ಏನೈತಿ ಅಂತ ನೋಡೂದಿಲ್ಲ. ತಿನ್ನೂ ಸಾಮಾನು ಕಾರಿನ್ಯಾಗ ಬಿಡ್ರಿ, ನೀರಿನ ಬಾಟ್ಲಿ ಝಿಪ್ ಇದ್ದ ಬ್ಯಾಗಿನ್ಯಾಗ ಇರ್ಲಿ. ಹಿಡಕೊಂಡು ಜಗ್ಗಿದ್ರ ಕೊಟ್ಟಬಿಡ್ರಿ, ಮಕ್ಕಳು ಜಗ್ಗ್ಯಾಡಾಕ ಹೋದ್ರ ಪರಚತಾವ.

ಮಧ್ಯಾಹ್ನ ಬನಶಂಕರಿ, 5 ಕಿ.ಮೀ. ಹೊಂಡದ ಸುತ್ತಿನ ಕಲ್ಲಿನ ಮಂಟಪದಾಗ ನೆರಳು ಐತಿ. ಬುಟ್ಟಿ ಇಟಗೊಂಡು ಕುಂತ ಅವ್ವಾರ ಕಡೆ ಜೋಳದ ರೊಟ್ಟಿ, ಕಾಳಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹೋಟೆಲ್ ಹುಡುಕೂ ತ್ರಾಸ ಯಾಕ?

ಸಂಜಿ ನಾಲ್ಕೂವರಿಗೆ ಅಗಸ್ತ್ಯ ತೀರ್ಥದ ಕೆರಿ. ಅವ್ವಾರ ನಡಿಗಿ ಇದ. ಮ್ಯೂಸಿಯಂ ಕಡೆಯಿಂದ ಕೆರಿ ಬಲಕ್ಕ ಇಟಗೊಂಡು ಭೂತನಾಥ ಗುಡಿ ತನಕ ಹೋಗ್ರಿ, ಹೆಚ್ಚು ಏರಿಳಿತ ಇಲ್ಲ, ಅರ್ಧ ಕಿ.ಮೀ. ಆಸುಪಾಸು. ಗುಡಿ ಮಾರಿ ಪಡುವಣಕ್ಕ, ಇಳಿಬಿಸಲು ನೆಟ್ಟಗ ಮ್ಯಾಲ ಬೀಳತೈತಿ. ಬಟ್ಟಿ ಒಗಿಯೂ ಪಾವಟಿಗಿ ಮಾತ್ರ ತುಳೀಬ್ಯಾಡ್ರಿ, ಸಾಬಾಣದ ನೀರು ಪಾಚಿ ಕೂಡಿ ಎಣ್ಣಿ ಸುರವಿದಂಗ ಆಗಿರತೈತಿ.

ಉಳಿಪೆಟ್ಟು:

ಮೇಲಿನವರು ನಡಿಗೆಯದನ್ನು ಸರಿಯಾಗಿ ಹೇಳಿದ್ದಾರೆ, ನಾನು ಕಲ್ಲಿನ ಪ್ರಶ್ನೆಗೆ ಬರುತ್ತೇನೆ.

ಈ ಭಾಗದ್ದು ಪದರ ಪದರವಾಗಿ ಕೂತ ಮರಳುಗಲ್ಲು. ಕಬ್ಬಿಣದ ಅಂಶ ತುಕ್ಕು ಹಿಡಿದದ್ದರಿಂದ ಕೆಂಪು. ಪದರಗಳು ಹೆಚ್ಚುಕಮ್ಮಿ ಅಡ್ಡಕ್ಕೆ ಮಲಗಿವೆ, ಅವನ್ನು ನೆಟ್ಟಗೆ ಕತ್ತರಿಸುವ ಬಿರುಕುಗಳೂ ಇವೆ. ಉತ್ತರದ ಕೋಟೆಗೆ ಹತ್ತುವ ಆ ಸಂದಿ ಅಂಥ ಬಿರುಕು ಅಗಲವಾಗಿ ಆದದ್ದು. ಕಲ್ಲುಕುಟಿಗರು ನೆಚ್ಚಿದ್ದೂ ಈ ಎರಡನ್ನೇ. ಬೇಕಾದ ಗೆರೆಯ ಮೇಲೆ ಉಳಿಯಿಂದ ಸಾಲಾಗಿ ಚೌಕ ಕುಳಿ ತೋಡಿ, ಪ್ರತಿಯೊಂದಕ್ಕೂ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಸರದಿಯಂತೆ ಒಂದೊಂದೇ ಪೆಟ್ಟು ಹಾಕುತ್ತಾ ಹೋಗಬೇಕು. ಒಂದೇ ಬೆಣೆಗೆ ಜೋರಾಗಿ ಬಡಿದರೆ ಸೀಳು ಗೆರೆ ಬಿಟ್ಟು ಓಡುತ್ತದೆ, ಕಲ್ಲು ಹಾಳು. ಸರಿಯಾಗಿ ಸೀಳಿದ ಕಲ್ಲಿನ ಅಂಚಿನಲ್ಲಿ ಅರ್ಧರ್ಧ ಕುಳಿಗಳು ಹಲ್ಲಿನ ಸಾಲಿನಂತೆ ಉಳಿಯುತ್ತವೆ. ಮಕ್ಕಳಿಗೆ ಹುಡುಕಲು ಹೇಳಬೇಕಾದದ್ದು ಇದನ್ನೇ. ಸಾಲಾಗಿ ದುಂಡನೆಯ ಅರ್ಧ ಕೊಳವೆಯಂಥ ಗೆರೆಗಳು ಕಂಡರೆ ಅದು ಡ್ರಿಲ್ ಮಷಿನ್ನಿನ ಕೆಲಸ, ಈಚಿನದು.

ನಡು ಮಧ್ಯಾಹ್ನ ಇವು ಕಣ್ಣಿಗೆ ಬೀಳುವುದಿಲ್ಲ, ಬಿಸಿಲು ನೆಟ್ಟಗೆ ಬಿದ್ದು ನೆರಳೇ ಇರುವುದಿಲ್ಲ. ಎಂಟರೊಳಗೆ ಅಥವಾ ನಾಲ್ಕರ ಮೇಲೆ ನೋಡಿ. ಗುಹೆಯೊಳಗಾದರೆ ಟಾರ್ಚನ್ನು ಗೋಡೆಗೆ ಒತ್ತಿದಂತೆ ಅಡ್ಡ ಹಿಡಿಯಿರಿ, ಉಳಿಯ ಒಂದೊಂದು ಗೀರೂ ಎದ್ದು ಕಾಣುತ್ತದೆ. ಕೈಯಿಂದ ಸವರಬೇಡಿ, ಹೊಪ್ಪಳಿಕೆ ಎದ್ದ ಕಡೆ ಮುಟ್ಟಿದರೂ ಪದರ ಉದುರುತ್ತದೆ.

ಜಾಗ ಕೇಳಿದಿರಿ. ಪಟ್ಟದಕಲ್ಲಿನ ಉತ್ತರದ ಗುಡ್ಡಗಳಲ್ಲಿ ಚಾಲುಕ್ಯರ ಕಾಲದ ಕಲ್ಲುಗಣಿ ಇದೆ, ಬಂಡೆಗಳ ಮೇಲೆ ಕೆಲಸಗಾರರು ಕೊರೆದ ಹೆಸರುಗಳೂ ಮೂರ್ತಿಗಳೂ ಉಳಿದಿವೆ. ಕುರುಚಲು ಕಾಡಿನೊಳಗೆ ಹೋಗಬೇಕು, ಊರಿನವರೊಬ್ಬರನ್ನು ಜತೆಗೆ ಕರೆದುಕೊಂಡರೆ ಮಾತ್ರ. ಅವ್ವ, ಮಕ್ಕಳು ಇದ್ದಾಗ ಅದಕ್ಕಿಂತ ಐಹೊಳೆಯ ಮೇಗುತಿ ಗುಡ್ಡ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಗುಡ್ಡ ಗಿಡ್ಡ, ಹತ್ತಲು ಮೆಟ್ಟಿಲಿದೆ (ಅವ್ವ ಕೆಳಗೇ ಕೂತರೆ ಒಳ್ಳೆಯದು), ಅರ್ಧದಲ್ಲಿ ಎರಡಂತಸ್ತಿನ ಬೌದ್ಧ ಗುಡಿ, ಮೇಲೆ 634ರ ಜೈನ ಬಸದಿ, ಅದರ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಶಾಸನ. ಹೆಚ್ಚಿನವರು ಇಷ್ಟು ನೋಡಿ ಇಳಿದುಬಿಡುತ್ತಾರೆ. ಬಸದಿಯ ಹಿಂದಕ್ಕೆ ನಡೆದರೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಬೃಹತ್ ಶಿಲಾ ಗೋರಿಗಳಿವೆ, ಗುಡಿಗಳಿಗಿಂತ ಎಷ್ಟೋ ಹಳೆಯವು. ಈ ಕಲ್ಲು ಹಲಗೆ ಹಲಗೆಯಾಗಿ ಏಳುತ್ತದೆ ಅನ್ನುವುದು ಅಲ್ಲಿ ವಿವರಿಸದೆಯೇ ಗೊತ್ತಾಗುತ್ತದೆ.

ಇಳಕಲ್_ಬಂಡೆಗಲ್ಲು:

ಕ್ವಾರಿ ನೀರಿಗೆ ಇಳಿಯುವ ಮಾತೇ ಬೇಡ್ರಿ. ಕೆರೆಗೆ ಇರುವಂತೆ ಅದಕ್ಕೆ ಇಳಿಜಾರಿನ ದಂಡೆ ಇರುವುದಿಲ್ಲ. ಗ್ರಾನೈಟನ್ನು ಮೆಟ್ಟಿಲು ಮೆಟ್ಟಿಲಾಗಿ ನೆಟ್ಟಗೆ ಕೊಯ್ದಿರುತ್ತಾರೆ, ಮೊಣಕಾಲಷ್ಟು ನೀರಿನಲ್ಲಿ ನಿಂತವನು ಮುಂದಿನ ಹೆಜ್ಜೆಗೆ ಆಳಕ್ಕೆ ಹೋಗುತ್ತಾನೆ. ಹತ್ತಿ ಬರಲು ಹಿಡಿಯಲು ಏನೂ ಸಿಗುವುದಿಲ್ಲ, ಗೋಡೆ ನುಣುಪು. ಈಜು ಬಂದವರೂ ಸಾಯುವುದು ಇದಕ್ಕೇ. ತಳದಲ್ಲಿ ಕಲ್ಲಿನ ಚೂರು, ಹಳೇ ತಂತಿ ಇರಬಹುದು, ಮೇಲಿನಿಂದ ಹಾರಿದವರಿಗೆ ಕಾಣುವುದಿಲ್ಲ. ದಂಡೆಯ ಮೇಲೆ ನಿಂತು ಫೋಟೋ ತೆಗೆಯುವುದೂ ಬೇಡ: ಬಂಡೆಯ ಮೇಲಿನ ಮಣ್ಣು ಮಳೆಗಾಲ ಮುಗಿದ ಮೇಲೆ ಒಣಗಿ ಬಿರಿಯುತ್ತದೆ, ಅಂಚಿನ ತುಂಡು ಯಾವಾಗ ಕುಸಿಯುತ್ತದೋ ಹೇಳಲಾಗದು. ಕೆಂಪು ಗ್ರಾನೈಟನ್ನೇ ನೋಡಬೇಕಿದ್ದರೆ ಇಳಕಲ್ಲಿನಲ್ಲಿ ಪಾಲಿಶ್ ಘಟಕದವರನ್ನು ಕೇಳಿ, ಹಲಗೆ ಕೊಯ್ಯುವುದನ್ನು ಹೊರಗೆ ನಿಂತು ನೋಡಬಹುದು.

ಮಲಪ್ರಭಾ_ದಂಡೆ:

ಬಹಳ ಉಪಕಾರ ಆಯಿತು. ಕ್ವಾರಿ ಕೈಬಿಟ್ಟೆವು. ಬಾದಾಮಿಯಿಂದ ಮಹಾಕೂಟದ ಗುಡಿಗಳಿಗೆ ಗುಡ್ಡದ ಮೇಲಿಂದ ಕಾಲುದಾರಿ ಇದೆಯಂತಲ್ಲ, ಮಕ್ಕಳಿಗೆ ಆದೀತೇ? ಸಿಡಿಲಫಡಿ?

ಗುಳೇದಗುಡ್ಡದಾಂವ:

ಸಿಡಿಲಫಡಿ ಈ ಸಲ ಬಿಡ್ರಿ. ಕಮಾನಿನಂಥಾ ಬಂಡಿ, ಹಿಂದಿನ ಕಾಲದ ಚಿತ್ರ ಎಲ್ಲಾ ಖರೇ, ಆದ್ರ ಹಾದಿ ತಪ್ಪೂದು ಭಾಳ ಸರಳ, ನೆರಳಿಲ್ಲ.

ಮಹಾಕೂಟ ಆಗತೈತಿ. ಗುಡ್ಡದ ಮ್ಯಾಲಿಂದ 5 ಕಿ.ಮೀ. ಹತ್ರ, ಮಕ್ಕಳ ಕಾಲಿಗೆ ಎರಡ ತಾಸು. ಎರಡನೇ ದಿನ ಏಳಕ್ಕ ಬಿಡ್ರಿ, ತಲಿಗೆ ಒಂದೂವರಿ ಲೀಟರ್ ನೀರು. ನಡುವ ದನದ ಹಾದಿ ಭಾಳ ಕೂಡತಾವ, ಅವು ಪೊದಿಯೊಳಗ ಹೋಗಿ ಮುಗಿದುಬಿಡತಾವ, ಅದಕ್ಕ ಬಾದಾಮಿಯವರನ್ನ ಒಬ್ಬರನ್ನ ಕರಕೊಳ್ರಿ. ಮುಟ್ಟಿದ ಮ್ಯಾಲ ಹಳೇ ಬಾಗಲದಾಗ ಎಲುಬಿನ ಹಂದರದಂಥಾ ಎರಡು ಮೂರ್ತಿ ಅದಾವ, ಮಕ್ಕಳಿಗೆ ತೋರಸ್ರಿ. ವಾಪಸ್ ನಡಿಯೂದು ಬ್ಯಾಡ, ಅಷ್ಟೊತ್ತಿಗೆ ಬಂಡಿ ಕಾದಿರತೈತಿ. ಒಬ್ಬರು ಅವ್ವಾರನ್ನ ಕಾರಿನ್ಯಾಗ ಕರಕೊಂಡು ರೋಡಿನ ಮ್ಯಾಲಿಂದ ಬರ್ಲಿ, 14 ಕಿ.ಮೀ. ಆಗತೈತಿ. ವಿಷ್ಣು ಪುಷ್ಕರಣಿ ಹತ್ರ ಗಿಡದ ನೆರಳಿಗೆ ಕುಂತಿರ್ಲಿ. ಅಲ್ಲಿಂದ ಹಂಗ ಪಟ್ಟದಕಲ್ಲು, ಮುಂದ 13 ಕಿ.ಮೀ. ಐಹೊಳಿ. ಮೇಗುತಿ ನಾಲ್ಕಕ್ಕ ಹತ್ತಾಕ ಶುರು ಮಾಡ್ರಿ, ಹೊತ್ತು ಮುಳುಗೂದ್ರಾಗ ಕಾವಲಿನವರು ಇಳಿಸಿಬಿಡತಾರ.