‘ಸ್ಪೈಡರ್’ ಬಾಲ್ ಪೈಥಾನ್‌ನ ‘ವಾಬಲ್’: ರೋಗವೋ, ದೋಷವೋ?

ಮಾನ್ಯರೇ,

ಸಾಕು ಬಾಲ್ ಪೈಥಾನ್‌ಗಳ ಆರೈಕೆಯ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ತಲೆ ಹಿಡಿತತಪ್ಪಿ ಓಲಾಡುವ ‘ವಾಬಲ್’ ಎಂಬ ಲಕ್ಷಣವನ್ನು ಏನೆಂದು ಕರೆಯಬೇಕೆಂಬುದು ಇತ್ಯರ್ಥವಾಗಿಲ್ಲ.

ಆಫ್ರಿಕಾ ಮೂಲದ ಈ ಹೆಬ್ಬಾವಿನ ‘ಸ್ಪೈಡರ್’ ತಳಿ 1999ರಲ್ಲಿ ಅಮೆರಿಕದ ಸಾಕಣೆದಾರರ ಕೈಸೇರಿದ ಹಾವೊಂದರಿಂದ ಬೆಳೆದದ್ದು. ಮೈಮೇಲೆ ಜೇಡರಬಲೆಯಂಥ ತೆಳುಗೆರೆ ಮೂಡಿಸುವ ವಂಶವಾಹಿಯೊಂದಿಗೇ ಈ ಲಕ್ಷಣವೂ ಬರುತ್ತದೆ. ಇಲಿಯ ಮೇಲೆ ಎರಗಿದಾಗ ತಲೆ ಗುರಿತಪ್ಪಿ ಪಕ್ಕಕ್ಕೆ ಹೋಗುತ್ತದೆ. ಕತ್ತು ತಿರುಚಿಕೊಂಡು ಗದ್ದ ಮೇಲಾಗುತ್ತದೆ. ಅಂಗಾತ ಬಿದ್ದರೆ ಮಗುಚಿಕೊಳ್ಳಲು ಹಾವು ಒದ್ದಾಡುತ್ತದೆ. ಕೆಲವು ಹಾವುಗಳಲ್ಲಿ ಇದು ಕಂಡೂ ಕಾಣದಷ್ಟಿದ್ದರೆ, ಕೆಲವದರಲ್ಲಿ ತಿನ್ನುವುದಕ್ಕೇ ತೊಡಕಾಗುವಷ್ಟಿರುತ್ತದೆ.

ಇದನ್ನು ‘ನರರೋಗ’ ಎಂದು ಬರೆದರೆ ಎರಡು ಕಡೆಯೂ ತಪ್ಪಾಗುತ್ತದೆಂಬುದು ನನ್ನ ಅಭಿಪ್ರಾಯ. 2022ರಲ್ಲಿ ಪ್ರಕಟವಾದ ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಅಧ್ಯಯನವೊಂದು ಈ ತಳಿಯ ಹಾವುಗಳ ಒಳಕಿವಿಯಲ್ಲಿ ಸಮತೋಲ ಕಾಯುವ ಅರ್ಧವೃತ್ತ ನಾಳಗಳೂ ಪುಟ್ಟ ಚೀಲವೂ ವಿರೂಪಗೊಂಡಿರುವುದನ್ನು ತೋರಿಸಿತು. ಆದ್ದರಿಂದ ‘ನರ’ ಎಂಬ ಪೂರ್ವಪದ ಓದುಗರ ಗಮನವನ್ನು ಬೇರೆಡೆಗೆ ಒಯ್ಯುತ್ತದೆ. ‘ರೋಗ’ ಎಂದರೆ ಅಂಟುವ, ಇಲ್ಲವೇ ಮದ್ದಿಗೆ ಬಗ್ಗುವ ಕಾಯಿಲೆ ಎಂದೇ ನಮ್ಮ ಜನ ಭಾವಿಸುತ್ತಾರೆ. ಇದು ಹಾಗಲ್ಲ, ಹುಟ್ಟಿನಿಂದ ಬಂದದ್ದು. ಆದರೆ ರೆಪ್ಟರೀನಾವೈರಸ್‌ನಿಂದ ಬರುವ ‘ಇನ್‌ಕ್ಲೂಷನ್ ಬಾಡಿ’ ಕಾಯಿಲೆಯಲ್ಲೂ ಹೆಬ್ಬಾವುಗಳು ತಲೆ ವಾಲಿಸುತ್ತವೆ, ಮುಗಿಲು ನೋಡುವಂತೆ ಕತ್ತೆತ್ತಿ ನಿಲ್ಲುತ್ತವೆ, ಮಗುಚಿಕೊಳ್ಳಲಾರವು. ಅದು ನಿಜವಾಗಿ ರೋಗ, ಮಾರಕವೂ ಹೌದು, ಒಂದರಿಂದ ಇನ್ನೊಂದಕ್ಕೆ ಹರಡುವಂಥದ್ದೂ ಹೌದು. ಉಣ್ಣಿ ಹುಳುಗಳನ್ನು ಕೊಲ್ಲಲು ಸಿಂಪಡಿಸಿದ ವಿಷವೋ ಗೂಡಿನ ಅತಿಶಾಖವೋ ಇಂಥದೇ ಚಹರೆ ತರಬಹುದು. ನಿನ್ನೆಯವರೆಗೆ ನೆಟ್ಟಗಿದ್ದ ಹಾವು ಇಂದು ಕತ್ತು ತಿರುಚಿದರೆ, ‘ಅದು ತಳಿಯ ಗುಣ’ ಎಂದು ಕೂರದೆ ಅದನ್ನು ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಲೇಬೇಕು. ಪದದ ಆಯ್ಕೆಗೆ ನಾನು ಇಷ್ಟು ತಲೆಕೆಡಿಸಿಕೊಳ್ಳುವುದು ಇದೇ ಕಾರಣಕ್ಕೆ.

ಲಕ್ಷಣವನ್ನು ಸೂಚಿಸಲು ‘ನಡುಕ’ ಒಗ್ಗುವುದಿಲ್ಲ, ಅದು ಚಳಿಗೂ ಭಯಕ್ಕೂ ಸೇರಿದ್ದು. ‘ತೊನೆದಾಟ’ ಹಾವಿಗೆ ಸಹಜವಾದ ಮಾತಾದರೂ ಅದರಲ್ಲಿ ಚೆಲುವಿದೆ, ನೋಟಕ್ಕೆ ಹಿತವಿದೆ; ಸಂಕಟಪಡುವ ಪ್ರಾಣಿಗೆ ಅದನ್ನು ಅಂಟಿಸಲು ಮನಸ್ಸೊಪ್ಪುವುದಿಲ್ಲ. ‘ತೂರಾಟ’ ಹತ್ತಿರ ಬರುತ್ತದೆ, ಕುಡುಕನ ನೆನಪು ತಂದರೂ ಸಮತೋಲ ತಪ್ಪಿದ್ದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಲಕ್ಷಣಕ್ಕೆ ‘ತಲೆ ತೂರಾಟ’, ಸ್ಪೈಡರ್ ತಳಿಯಲ್ಲಿ ಅದರ ಕಾರಣಕ್ಕೆ ‘ಹುಟ್ಟು ಸಮತೋಲ ದೋಷ’ ಎಂದು ಬರೆದು, ವೈರಸ್ಸಿನದಕ್ಕೆ ಮಾತ್ರ ‘ರೋಗ’ವನ್ನು ಮೀಸಲಿಡಬೇಕೆಂದಿದ್ದೇನೆ. ಬರೀ ‘ಗುಣ’, ‘ವೈಶಿಷ್ಟ್ಯ’ ಎಂಬ ಮಾರಾಟಗಾರರ ಮೆದುಮಾತುಗಳನ್ನು ಖಂಡಿತ ಒಪ್ಪಲಾರೆ. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪೆಟಾಲಾಜಿಕಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ ಈ ತಳಿಯ ಮಾರಾಟವನ್ನೇ ನಿಷೇಧಿಸಿದೆ.

ಕೊಕ್ಕರೆ ರೋಗ ತಗುಲಿದ ಕೋಳಿ ಕತ್ತು ತಿರುಚಿಕೊಂಡಾಗ, ಕುರಿಯೊಂದು ನಿಂತಲ್ಲೇ ಸುತ್ತುವಾಗ ನಿಮ್ಮ ಕಡೆಯ ಸಾಕಣೆದಾರರು ಯಾವ ಮಾತು ಬಳಸುತ್ತಾರೆ? ಹುಟ್ಟಿನಿಂದ ಬಂದದ್ದಕ್ಕೂ ಆಮೇಲೆ ತಗುಲಿದ್ದಕ್ಕೂ ಅವರಲ್ಲಿ ಬೇರೆಬೇರೆ ಮಾತುಗಳಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.