ಸಹಾಯ ಬೇಕು: ಬೆಟ್ಟಕ್ಕೆ ಹೋಗುವ ನಕಾಶೆ ದಾರಿಗೆ ಬೇಲಿ ಬಿದ್ದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆಯ ಒಂದು ಹಳ್ಳಿ. ಕೆರೆ ಕೋಡಿ ದಾಟಿ ಬೆಟ್ಟದ ಬುಡಕ್ಕೆ ಹಳೇ ಬಂಡಿದಾರಿ ಇದೆ. ಕುರಿ ಮೇಯಿಸುವವರು, ಬೆಳಗ್ಗೆ ವಾಕ್ ಹೋಗುವವರು, ಸೀತಾಫಲದ ಕಾಲದಲ್ಲಿ ಮಕ್ಕಳು, ಎಲ್ಲರಿಗೂ ಅದೊಂದೇ ದಾರಿ. ಪಕ್ಕದ ಜಮೀನು ಕೊಂಡವರು ಈಗ ಕಲ್ಲುಕಂಬ ನೆಟ್ಟು, ತಂತಿ ಬಿಗಿದು, ಗೇಟಿಗೆ ಬೀಗ ಹಾಕಿದ್ದಾರೆ. ಬಂಡಿ ಚಕ್ರ ಸವೆಸಿದ ಗುರುತು ಬಂಡೆಯ ಮೇಲೆ ಇನ್ನೂ ಎದ್ದು ಕಾಣುತ್ತದೆ. ಸರಿಯಾಗಿ ಅದರ ಮೇಲೇ ಗೇಟು ನಿಂತಿದೆ. ಕುರಿ ಕಾಯುವ ಅಜ್ಜ ಈಗ ಟಾರು ರಸ್ತೆಯಲ್ಲಿ, ಲಾರಿಗಳ ಮಧ್ಯೆ ಸುತ್ತಿಕೊಂಡು ಹೋಗಬೇಕು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಗ್ರಾಮ ನಕಾಶೆಯಲ್ಲಿ ಈ ದಾರಿ ಸ್ಪಷ್ಟವಾಗಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ದಾರಿಗಳು ಸರ್ಕಾರದ ಸ್ವತ್ತು. ಹಾಗಾದರೆ ಬೇಲಿ ತೆಗೆಸಬಹುದು ಅಲ್ವಾ? ಅರ್ಜಿ ಕೊಟ್ಟಿದ್ದೇವೆ, 'ನೋಡೋಣ' ಅನ್ನುವುದು ಬಿಟ್ಟು ಬೇರೆ ಉತ್ತರ ಬಂದಿಲ್ಲ.

ನಿಮ್ಮೂರಲ್ಲಿ ಇಂಥ ದಾರಿ ಬಿಡಿಸಿಕೊಂಡಿದ್ದರೆ ದಯವಿಟ್ಟು ಹೇಳಿ. ಮೊದಲು ಸರ್ವೆ ಮಾಡಿಸಿ ಗಡಿ ಗುರುತಿಸಬೇಕಾ, ಇಲ್ಲ ತಹಶೀಲ್ದಾರರಿಗೆ ನೇರವಾಗಿ ತೆರವಿನ ಅರ್ಜಿ ಕೊಟ್ಟರೆ ಸಾಕಾ? ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪಿನ ಸ್ಕ್ರೀನ್‌ಶಾಟ್ ಲಗತ್ತಿಸಿದರೆ ಒಪ್ಪುತ್ತಾರಾ, ಅಥವಾ ನಕಾಶೆಯ ದೃಢೀಕೃತ ಪ್ರತಿಯೇ ಬೇಕಾ? ಗ್ರಾಮಸಭೆಯ ನಿರ್ಣಯದಿಂದ ಬಲ ಜಾಸ್ತಿ ಆಗುತ್ತದಾ?

ಜಗಳ, ಗಲಾಟೆ ಬೇಡ. ಜಮೀನು ಅವರದೇ ಇರಲಿ, ದಾರಿ ಮಾತ್ರ ಬಿಡಲಿ. ನಿಮ್ಮಲ್ಲಿ ಅರ್ಜಿಯ ನಮೂನೆ ಇದ್ದರೆ ಕಾಮೆಂಟಿನಲ್ಲಿ ಹಾಕಿ, ಈ ವಾರವೇ ಬರೆದು ಕೊಡುತ್ತೇವೆ.