ಸಹಾಯ ಬೇಕು: ಅಮ್ಮನ ಕೃತಕ ಕೀಲಿನ ಪಕ್ಕದಲ್ಲೇ ಮೂಳೆ ಮುರಿದಿದೆ

ನಾವು ಬದಿಯಡ್ಕದವರು. ಅಮ್ಮನಿಗೆ 74. ಮೊನ್ನೆ ಪಾಚಿ ಹಿಡಿದ ಅಂಗಳದಲ್ಲಿ, ಕೈಯಲ್ಲಿ ಅಡಿಕೆ ಹಾಳೆ ಹಿಡಿದುಕೊಂಡೇ ಜಾರಿ ಬಿದ್ದರು. ಎಂಟು ವರ್ಷದ ಹಿಂದೆ ಸೊಂಟದ ಕೀಲು ಬದಲಿಸಿದ್ದೆವು. ಈಗ ತೊಡೆಮೂಳೆಯೊಳಗೆ ಇಳಿಸಿದ ಅದರ ಕಂಬಿಯ ಸುತ್ತಲೇ ಮೂಳೆ ಮುರಿದಿದೆ.

ಮಂಗಳೂರಿನಲ್ಲಿ ಒಬ್ಬ ಡಾಕ್ಟರು ವ್ಯಾಂಕೂವರ್ ಬಿ1 (ಇಂಥ ಮುರಿತಗಳನ್ನು ವಿಂಗಡಿಸುವ ಪದ್ಧತಿಯ ಒಂದು ಬಗೆ) ಎಂದರು. ಕಂಬಿ ಗಟ್ಟಿಯಿದೆ, ಪ್ಲೇಟ್, ಕೇಬಲ್ ಸಾಕಂತೆ. ಇನ್ನೊಬ್ಬರು ಬಿ2 ಎಂದರು. ಕಂಬಿ ಸಡಿಲ, ತೆಗೆದು ಉದ್ದದ್ದು ಹಾಕಬೇಕಂತೆ. ಎಕ್ಸ್‌ರೇ ಒಂದೇ, ಮಾತು ಎರಡು!

ಬೀಳುವ ಮೊದಲೇ ತೊಡೆ ನೋವು ಅನ್ನುತ್ತಿದ್ದರು, ನಾವು ಸುಮ್ನೆ ಎಣ್ಣೆ ತಿಕ್ಕಿದೆವು. ಆಗಲೇ ಸಡಿಲವಾಗಿತ್ತೋ ಏನೋ, ಅಲ್ವಾ? ಹಳೆಯ ಫೈಲಿನಲ್ಲಿ ಯಾವ ಇಂಪ್ಲಾಂಟ್ (ಕೃತಕ ಕೀಲು) ಹಾಕಿದ್ದರೆಂದು ತಿಳಿಸುವ ಸ್ಟಿಕ್ಕರೂ ಇಲ್ಲ.

ಇಂಥ ಆಪರೇಷನ್ ಜಾಸ್ತಿ ಮಾಡಿದ ಡಾಕ್ಟರು ಹತ್ತಿರದಲ್ಲಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.